ಎಚ್‌ಡಿ ರೆಡಿ, ಚಾನೆಲ್ ಬಾಕಿ

ನಮ್ಮ ಮನೆಯ ಹೊಸ ಟೀವಿಯ ಎಡಮೂಲೆಯಲ್ಲಿ ಒಂದು ಸ್ಟಿಕ್ಕರ್ ಇದೆ. ಬೆಳ್ಳಿಬಣ್ಣದ್ದು, ಬೆಂಕಿಪೆಟ್ಟಿಗೆಯಷ್ಟು ಅಗಲ. ಅದರ ಮೇಲೆ ಇಂಗ್ಲಿಷಿನಲ್ಲಿ ‘ಎಚ್‌ಡಿ ರೆಡಿ’ ಎಂದು ಬರೆದಿದೆ. ಟೀವಿ ಬಂದು ಐದು ತಿಂಗಳಾದರೂ ನಾನು ಅದನ್ನು ಕಿತ್ತಿಲ್ಲ. ನೆಂಟರಿಷ್ಟರು ಬಂದರೆ ಮೊದಲು ಕಣ್ಣು ಅಲ್ಲಿಗೇ ಹೋಗಲಿ ಎಂದು ಅದರ ಮೇಲಿನ ಧೂಳನ್ನು ಆಗಾಗ ಬನಿಯನ್ನಿನ ತುದಿಯಲ್ಲಿ ಒರೆಸುತ್ತೇನೆ. ನಿಮ್ಮ ಹತ್ತಿರ ಮುಚ್ಚಿಡುವುದೇನು, ಆ ಸ್ಟಿಕ್ಕರಿನ ಅರ್ಥ ನನಗೆ ತಿಳಿದದ್ದು ಟೀವಿ ಕೊಂಡು ಮೂರು ವಾರ ಕಳೆದ ಮೇಲೆ.

ನನ್ನದು ಹೊಟೇಲು ಕಸುಬು. ಸೂರತ್ತಿನ ಕತಾರ್‌ಗಾಮಿನಲ್ಲಿ, ವಜ್ರ ಉಜ್ಜುವ ಕಾರ್ಖಾನೆಗಳ ನಡುವೆ, ಇಪ್ಪತ್ತೆರಡು ವರ್ಷದಿಂದ ಇಡ್ಲಿ ದೋಸೆ ಮಾಡಿಕೊಂಡಿದ್ದೇನೆ. ಹೆಸರಿನ ಕೊನೆಯ ಶೆಟ್ಟಿಯನ್ನು ಕೆಲವು ಗುಜರಾತಿಗಳು ಶೇಠ್ ಎಂದು ಓದಿಕೊಂಡು ಕೈ ಮುಗಿಯುತ್ತಾರೆ. ನಾನೂ ತಿದ್ದಲು ಹೋಗುವುದಿಲ್ಲ. ನಮ್ಮ ಕಸುಬಿನಲ್ಲಿ ‘ರೆಡಿ’ ಎಂಬ ಮಾತಿಗೆ ಒಂದು ಮರ್ಯಾದೆ ಉಂಟು. ‘ಗರಮ್ ಇಡ್ಲಿ ರೆಡಿ’ ಎಂಬ ಬೋರ್ಡನ್ನು ಬೆಳಿಗ್ಗೆ ಹೊರಗಿಟ್ಟೆನೆಂದರೆ ಒಳಗೆ ಇಡ್ಲಿ ಹಬೆಯಾಡುತ್ತಿರಲೇಬೇಕು. ಸಾಂಬಾರು ಕುದಿಯುವುದು ಬಾಕಿ, ಚಟ್ನಿಗೆ ಒಗ್ಗರಣೆ ಬಾಕಿ ಎಂದರೆ ಬೋರ್ಡು ಗೋಡೆಗೆ ಮುಖ ಮಾಡಿ ನಿಂತಿರುತ್ತದೆ. ಹೀಗಿರುವ ಮನುಷ್ಯ ಟೀವಿಯ ಮೇಲೆ ರೆಡಿ ಎಂದು ಬರೆದದ್ದನ್ನು ಓದಿದರೆ ಏನು ತಿಳಿದುಕೊಳ್ಳಬೇಕು ಹೇಳಿ. ಒಳಗೆ ಮಾಲು ಇದೆ ಎಂದೇ ತಿಳಿದೆ.

ಹಾಗೆ ನೋಡಿದರೆ ಟೀವಿಯ ಹುಚ್ಚು ನನಗಿಲ್ಲ. ಬೆಳಗಿನ ಐದಕ್ಕೆ ತಾಪಿ ನದಿಯ ಸೇತುವೆ ದಾಟುವವನು ಮತ್ತೆ ಅಡಾಜಣ್‌ನ ಮನೆ ಸೇರುವಾಗ ಕಣ್ಣು ತೆರೆದಿದ್ದರೆ ಅದೇ ಹೆಚ್ಚು. ಟೀವಿ ತಂದದ್ದು ಮಗಳಿಗಾಗಿ. ಅವಳ ಹೆಸರು ಕಿಂಜಲ್. ಪಕ್ಕದ ಮನೆಯ ಗುಜರಾತಿ ಅಜ್ಜಿ ಅವಳನ್ನು ಮೊದಲ ಸಲ ಎತ್ತಿಕೊಂಡಾಗ ಇಟ್ಟ ಹೆಸರು. ಬಹಳ ಚಂದ ಎಂದು ನಾವೂ ಅದನ್ನೇ ಉಳಿಸಿಕೊಂಡೆವು. ಎರಡು ವರ್ಷದ ಹಿಂದೆ ಕುಂದಾಪುರದ ಬದಿಯಲ್ಲಿ ಒಂದು ಮದುವೆಗೆ ಹೋದಾಗ ನನ್ನ ದೊಡ್ಡಮ್ಮನ ನಾಲಿಗೆಗೆ ಆ ಹೆಸರು ಹೊರಳಲಿಲ್ಲ. ಊಟದ ಹಂತಿಯ ಉದ್ದಕ್ಕೂ ಕೇಳುವ ಹಾಗೆ “ಬಾ ಮಗಾ ಗಂಜ್ಲಾ” ಎಂದು ಕರೆದರು. ಮಕ್ಕಳೆಲ್ಲ ನಕ್ಕರು. ಇವಳು ಗುಜರಾತಿಯಲ್ಲಿ “ಗಂಜ್ಲ ಎಟ್ಲೆ ಶುಂ?”, ಹಾಗೆಂದರೇನು ಎಂದು ಕೇಳಿದ್ದೇ ತಪ್ಪಾಯಿತು. ಯಾರೋ ಅವಳ ಕೈ ಹಿಡಿದು ದನದ ಹಟ್ಟಿಗೆ ಕರೆದುಕೊಂಡು ಹೋಗಿ, ಹಸುವಿನ ಹಿಂದೆ ನಿಲ್ಲಿಸಿ, ಅರ್ಥ ತೋರಿಸಿಕೊಟ್ಟರು.

ಆ ದಿನದಿಂದ ಅವಳು ಕನ್ನಡ ಬಿಟ್ಟಳು. ಮೊದಲೂ ಅಷ್ಟಕ್ಕಷ್ಟೆ. ಈಗ ಪೂರ್ತಿ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಒತ್ತಾಯ ಮಾಡಿದರೆ ಗುಜರಾತಿ. ಇನ್ನೂ ಒತ್ತಾಯ ಮಾಡಿದರೆ ಬಾಗಿಲು.

ಇಲ್ಲಿ ನನ್ನ ಸ್ವಂತದ ಒಂದು ವಿಷಯ ಹೇಳಬೇಕು. ನಾನು ಶಾಲೆ ಬಿಟ್ಟದ್ದು ಏಳನೇ ಕ್ಲಾಸಿಗೆ. ಮಗಳು ಈಗ ಏಳನೇ ಕ್ಲಾಸಿನಲ್ಲಿದ್ದಾಳೆ. ನಾನು ಎಲ್ಲಿ ಚೀಲ ಇಳಿಸಿದೆನೋ ಅಲ್ಲಿಗೆ ಅವಳು ಬಂದು ಮುಟ್ಟಿದ್ದಾಳೆ. ಬರುವ ವರ್ಷದಿಂದ ಅವಳ ಯಾವ ಪುಸ್ತಕ ತೆರೆದರೂ ನನಗೆ ತಿಳಿಯುವುದು ಮುಖಪುಟ ಮಾತ್ರ. ಮತ್ತೆ ಅವಳಿಗೆ ಕೊಡಲು ನನ್ನ ಹತ್ತಿರ ಉಳಿಯುವುದೇನು? ಹಿಟ್ಟು ಹುದುಗುವ ಹದ ಅವಳಿಗೆ ಬೇಡ. ಉಳಿಯುವುದು ಕನ್ನಡ. ಅದೂ ಬೇಡವೆಂದರೆ ಅಪ್ಪ ಮಗಳ ನಡುವೆ ಊಟ ಆಯ್ತಾ, ಫೀಸ್ ಕಟ್ಟಿದ್ಯಾ ಎಂಬ ಎರಡೇ ಮಾತು ಬಾಕಿ. ಮನೆಯಲ್ಲಿ ಒಂದು ಕನ್ನಡ ಚಾನೆಲ್ಲು ಮಾತಾಡುತ್ತಿದ್ದರೆ ಅವಳ ಕಿವಿ ತಾನಾಗಿ ಪಳಗೀತು ಎಂಬುದು ನನ್ನ ಲೆಕ್ಕಾಚಾರ.

ಆಗಿನ್ನೂ ಮನೆಯಲ್ಲಿದ್ದದ್ದು ಹಳೆಯ ಡಬ್ಬಾ ಟೀವಿ. ನಮ್ಮ ಬೀದಿಯ ಕೇಬಲ್ ಜಿಗ್ನೇಶ್‌ಭಾಯಿಯದು. ಕೇಳಿಕೊಂಡೆ. ಎರಡು ದಿನ ಬಿಟ್ಟು “ಹಾಕಿದ್ದೇನೆ ಅಣ್ಣಾ, ಕೊನೆಯ ನಂಬರು” ಎಂದ. ಅಂದು ಹೊಟೇಲಿನಿಂದ ಬೇಗ ಬಂದು, ಹೆಂಡತಿ ಸುಜಾತಳನ್ನೂ ಮಗಳನ್ನೂ ಎದುರಿಗೆ ಕೂರಿಸಿಕೊಂಡು ಹಾಕಿದೆ. ಚಿತ್ರದ ಮೇಲೆ ರವೆ ಚೆಲ್ಲಿದ ಹಾಗೆ ಚುಕ್ಕಿ. ಆ ರವೆಯ ಹಿಂದೆ ಒಬ್ಬ ವಾರ್ತೆ ಓದುತ್ತಿದ್ದಾನೆ. ಕೆಳಗೆ ದುಂಡು ದುಂಡಾದ ನಮ್ಮ ಅಕ್ಷರಗಳು ಓಡುತ್ತಿವೆ. ನಾನು ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡೆ. ಸ್ವಲ್ಪ ಹೊತ್ತಿನಲ್ಲಿ ಸುಜಾತ ಬಾಯಿ ತೆಗೆದಳು.

“ಹ್ವಾಯ್, ಇದ್ ಕನ್ನಡ ಹೌದಾ? ನಂಗೊಂದ್ ಶಬ್ದವೂ ಗೊತ್ತಾತಿಲ್ಲೆ.”

“ಅದ್ ಬಳ್ಳಾರಿ ಬದಿ ಕನ್ನಡ,” ಎಂದೆ. “ಆ ಬದಿಯವ್ರ್ ಹಾಂಗೇ ಮಾತಾಡುದ್.”

ಹತ್ತು ನಿಮಿಷ ನಾವು ಬಳ್ಳಾರಿ ಕನ್ನಡ ಕೇಳಿದೆವು. ನಾನು ನಡುನಡುವೆ ತಲೆಯನ್ನೂ ಆಡಿಸಿದೆ. ಆಮೇಲೆ ಕಿಂಜಲ್ ತಣ್ಣಗೆ ಹಿಂದಿಯಲ್ಲಿ ಹೇಳಿದಳು, “ಪಪ್ಪಾ, ಇದು ತೆಲುಗು. ನನ್ನ ಕ್ಲಾಸಿನ ಸ್ವಾತಿಯ ಮನೆಯಲ್ಲಿ ಬರುತ್ತದೆ.” ಸೂರತ್ತಿನಲ್ಲಿ ನೇಯ್ಗೆಯ ಕೆಲಸಕ್ಕೆ ಬಂದ ತೆಲುಗರು ಬೇಕಾದಷ್ಟಿದ್ದಾರೆ. ಅವರ ಚಾನೆಲ್ಲು ಅದು. ಜಿಗ್ನೇಶ್‌ಭಾಯಿಯನ್ನು ಹಿಡಿದರೆ ಅವನದೇನೂ ತಪ್ಪಿಲ್ಲವೆಂಬ ಮುಖ. “ಸೌತ್ ಮಾಂಗ್ಯುಂ, ಸೌತ್ ಆಪ್ಯುಂ,” ಎಂದ. ನೀವು ಕೇಳಿದ್ದು ದಕ್ಷಿಣ, ನಾನು ಕೊಟ್ಟದ್ದೂ ದಕ್ಷಿಣ. ಇದು ಹೇಗಾಯಿತೆಂದರೆ ಸೆಟ್ ದೋಸೆ ಕೇಳಿದವನಿಗೆ ಉತ್ತಪ್ಪ ಕೊಟ್ಟು ಎರಡೂ ದುಂಡಗೇ ಇದೆಯಲ್ಲ ಎಂದ ಹಾಗೆ.

ಆದರೆ ಅವನನ್ನು ಬೈಯುವ ಬಾಯಿ ನನಗೆಲ್ಲಿಂದ ಬರಬೇಕು? ಹುಟ್ಟು ಕನ್ನಡಿಗ ನಾನೇ ಮೋಸ ಹೋಗಿದ್ದೆ. ಕನ್ನಡಕ್ಕೂ ತೆಲುಗಿಗೂ ಅಕ್ಷರದಲ್ಲಿ ಇರುವ ವ್ಯತ್ಯಾಸ ಬಹಳ ಸಣ್ಣದು. ತಲೆಕಟ್ಟು ಒಂದು ಕೂದಲೆಳೆ ಆಚೆ ಈಚೆ. ರವೆ ಬಿದ್ದ ಚಿತ್ರದಲ್ಲಿ ಆ ಕೂದಲೆಳೆ ಕಾಣುವುದಿಲ್ಲ. ಸ್ವಚ್ಛವಾದ ಚಿತ್ರ ಎನ್ನುವುದು ಶ್ರೀಮಂತರ ಶೋಕಿ ಎಂದು ಅಲ್ಲಿಯವರೆಗೆ ತಿಳಿದಿದ್ದೆ. ನಮ್ಮ ಭಾಷೆ ಯಾವುದೆಂದು ಗುರುತು ಹಿಡಿಯಲಿಕ್ಕೂ ಅದು ಬೇಕು ಎಂದು ಅಂದು ಗೊತ್ತಾಯಿತು.

ಮರುವಾರವೇ ಅಂಗಡಿಗೆ ಹೋದೆ. ಗೋಡೆಯ ತುಂಬ ಚಪ್ಪಟೆ ಟೀವಿಗಳು. ಒಂದರಲ್ಲಿ ಎಲೆಯ ತುದಿಯಿಂದ ನೀರಿನ ಹನಿ ಜಾರುತ್ತಿತ್ತು. ಹನಿಯೊಳಗೆ ಇನ್ನೊಂದು ಮರ, ಆ ಮರದಲ್ಲಿ ಇನ್ನಷ್ಟು ಎಲೆ. ಕೈ ಚಾಚಿದರೆ ಬೆರಳು ಒದ್ದೆಯಾಗಬೇಕು, ಹಾಗೆ. “ಇದು ಯಾವ ಚಾನೆಲ್ಲು?” ಎಂದೆ. ಮಾರುವವನು “ಎಚ್‌ಡಿ, ಅಂಕಲ್” ಎಂದ. ಅದು ಸಿ.ಡಿ.ಯಂಥ ಒಂದು ತಟ್ಟೆಯಿಂದ ಬರುವ ಮಾದರಿ ಚಿತ್ರ ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಎಚ್‌ಡಿ ಎನ್ನುವುದು ಚಾನೆಲ್ಲಿನ ಹೆಸರೆಂದೇ ಎಣಿಸಿದೆ. ಟೀವಿ ಬಂತು. ಕೇಬಲ್ ಬಿಡಿಸಿ ಮಹಡಿಯ ಮೇಲೆ ಡಿಶ್ ಕೂರಿಸಿದೆ. ಅದರಲ್ಲಿ ನಿಜವಾದ ಕನ್ನಡ ಚಾನೆಲ್ಲುಗಳಿದ್ದವು, ರವೆಯಿಲ್ಲದವು. ಹನಿ ಮಾತ್ರ ಎಲ್ಲಿಯೂ ಇರಲಿಲ್ಲ. ಒಂದರಿಂದ ಕೊನೆಯ ನಂಬರಿನವರೆಗೆ ಮೂರು ಸಲ ಒತ್ತಿ ಹುಡುಕಿದೆ. ಮೇಲಾಗಿ ಅಗಲದ ಪರದೆಯಲ್ಲಿ ಹಳೆಯ ಅಳತೆಯ ಚಿತ್ರ ಹಿಗ್ಗಿ, ಎಲ್ಲ ಜನರೂ ಅಡ್ಡಕ್ಕೆ ಬೆಳೆದಿದ್ದರು. ಧಾರಾವಾಹಿಯ ಬಡ ಸೊಸೆಗೂ ಎರಡು ಗದ್ದ.

“ಎಲ್ರೂ ನಿಮ್ಮ್ ಹೊಟೇಲಗೇ ಉಂಡವ್ರ್ ಹಾಂಗ್ ಕಾಣ್ತ್ರ್,” ಎಂದಳು ಸುಜಾತ.

ಬಿಡಿಸಿ ಹೇಳಿದವರು ಧಾರವಾಡದ ರಾಯರು. ಬ್ಯಾಂಕಿನಲ್ಲಿ ಆಫೀಸರು. ವರ್ಗವಾಗಿ ಸೂರತ್ತಿಗೆ ಬಂದು, ಮೊದಲ ದಿನವೇ ನನ್ನ ಹೊಟೇಲಿನ ಬೋರ್ಡು ನೋಡಿ ಒಳಗೆ ಬಂದವರು. “ಹಂಗಲ್ರೀ ಶೆಟ್ರ,” ಎಂದರು, “ಚಿತ್ರ ಅಂದ್ರ ಚುಕ್ಕಿ. ಚುಕ್ಕಿ ಹೆಚ್ಚಾದಷ್ಟು ಚಿತ್ರ ಚೊಕ್ಕ.” ನನಗೆ ಅರ್ಥವಾಯಿತು. ಹಿಟ್ಟು ನುಣ್ಣಗಾದಷ್ಟೂ ಇಡ್ಲಿ ಮೆತ್ತಗಾದ ಹಾಗೆ. “ಹಾಂ, ಅದ. ನಿಮ್ಮ ಟೀವಿ ಅಂಥಾ ಚಿತ್ರ ತೋರ್ಸಲಿಕ್ಕೆ ತಯಾರದ. ತೋರ್ಸೋ ಚಾನೆಲ್ಲ ಎರಡು ಸಾವಿರದ ಒಂಬತ್ತು ಬಂದ್ರೂ ನಮ್ಮ ದೇಶದಾಗ ಇನ್ನೂ ಹುಟ್ಟಿಲ್ಲ.”

“ಹುಟ್ಟದ ಮಗುವಿಗೆ ತೊಟ್ಟಿಲು ಮಾರಿದನಲ್ಲ ರಾಯರೇ.”

“ಬರ್ತದ ತಗೋರಿ. ಒಂದೆರಡು ವರ್ಷ. ಮೊದ್ಲು ಕ್ರಿಕೆಟ್ ಬರ್ತದ, ಆಮ್ಯಾಲೆ ಇಂಗ್ಲಿಷ್ ಸಿನೆಮಾ, ಆಮ್ಯಾಲೆ ಹಿಂದಿ.”

ಕನ್ನಡ ಯಾವಾಗ ಎಂದು ನಾನು ಕೇಳಲಿಲ್ಲ. ಹಂತಿಯ ಕೊನೆಯಲ್ಲಿ ಕೂತು ಉಂಡು ಗೊತ್ತಿರುವವನು ನಾನು. ಕೊನೆಯ ಎಲೆಗೂ ಪಾಯಸ ಬರುತ್ತದೆ, ಬಾರದೆ ಇರುವುದಿಲ್ಲ. ಬರುವಾಗ ಗೋಡಂಬಿ ಮುಗಿದಿರುತ್ತದೆ, ಅಷ್ಟೆ. ಆದರೂ ಎಲೆ ಮಡಚದೆ ಕೂತಿರುವುದು ಒಳ್ಳೆಯದು. ಕೆಲವೊಮ್ಮೆ ಬಡಿಸುವವನು ಬುಡದಿಂದ ಸೌಟು ಹಾಕಿ ಎತ್ತಿದಾಗ ಕೊನೆಯವನಿಗೇ ಹೆಚ್ಚು ಸಿಗುವುದೂ ಉಂಟು.

ಈ ಎಚ್‌ಡಿಯಿಂದ ನಿಜವಾಗಿ ಲಾಭ ಏನು ಎಂದು ನಾನು ನಮ್ಮ ಗಿರಾಕಿ ಭರತ್‌ಭಾಯಿಯನ್ನು ಕೇಳಿದ್ದೆ. ಆತ ದಿನವಿಡೀ ಕಣ್ಣಿಗೆ ಭೂತಗನ್ನಡಿ ಒತ್ತಿಕೊಂಡು ವಜ್ರ ವಿಂಗಡಿಸುವವನು. ನನ್ನ ಇಡ್ಲಿಯನ್ನೂ ಒಮ್ಮೆ ಎತ್ತಿ ಬೆಳಕಿಗೆ ಹಿಡಿದೇ ತಿನ್ನುವ ಮನುಷ್ಯ. “ಅಣ್ಣಾ, ಗಾಜು ಒಳ್ಳೆಯದಾದಷ್ಟೂ ಕಲ್ಲಿನ ಕಲೆ ಹೆಚ್ಚು ಕಾಣುತ್ತದೆ,” ಎಂದ. “ಬರಿಗಣ್ಣಿಗೆ ಎಲ್ಲ ಕಲ್ಲೂ ರಾಜ. ನನ್ನ ಹೆಂಡತಿಯನ್ನು ನೋಡಲು ಹೋದ ದಿನ ಭೂತಗನ್ನಡಿಯನ್ನು ಕಾರ್ಖಾನೆಯಲ್ಲೇ ಬಿಟ್ಟು ಹೋಗಿದ್ದೆ.” ಅವನ ಹೆಂಡತಿಯೂ ಅದನ್ನೇ ಮಾಡಿರಬೇಕು ಎಂದೆ. ಚಟ್ನಿ ಇನ್ನೊಂದು ಸಲ ಹಾಕಿಸಿಕೊಂಡು, ಹೌದು ಎಂದು ಒಪ್ಪಿಕೊಂಡ. ಅವನ ಮಾತು ತಮಾಷೆಯದೇ, ಆದರೆ ಮುಂದಿನ ತಿಂಗಳು ಅದು ನನ್ನ ಬುಡಕ್ಕೇ ಬಂತು.

ಹೇಗೆಂದರೆ, ಮಗಳು ಕನ್ನಡ ಚಾನೆಲ್ಲು ನೋಡತೊಡಗಿದಳು. ನನ್ನ ಮೇಲಿನ ಪ್ರೀತಿಯಿಂದಲ್ಲ. ಅದರಲ್ಲಿ ಮಕ್ಕಳ ಡಾನ್ಸ್ ಸ್ಪರ್ಧೆಯೊಂದು ಬರುತ್ತಿತ್ತು. ಡಾನ್ಸಿನ ಹಿಂದೆ ಧಾರಾವಾಹಿ, ಧಾರಾವಾಹಿಯ ಹಿಂದೆ ಇನ್ನೊಂದು. ಒಂದು ದಿನ ನಾನು ಸ್ಕೂಲಿನ ಫೀಸಿನ ಚೀಟಿ ಮರೆತು ಬಂದಾಗ ಅವಳು ಬಾಗಿಲಲ್ಲಿ ನಿಂತು, ಅಚ್ಚಗನ್ನಡದಲ್ಲಿ, “ನಿಮ್ಮಿಂದ ನಾನು ಇದನ್ನು ನಿರೀಕ್ಷಿಸಿರಲಿಲ್ಲ” ಎಂದಳು. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೈಸಿಕೊಂಡು ಇಷ್ಟು ಖುಷಿಪಟ್ಟವರು ಸೂರತ್ತಿನಲ್ಲಿ ಬೇರೆ ಯಾರೂ ಇರಲಾರರು. ಮಾರನೇ ದಿನ ರಾಯರಿಗೆ ಸಿರಾ ಪುಕ್ಕಟೆ ಕೊಟ್ಟೆ.

ಖುಷಿ ವಾರವೂ ಉಳಿಯಲಿಲ್ಲ. ಒಂದು ಸಂಜೆ “ಮಗಾ, ಟೀವಿ ಕಾಂಬುದ್ ಸಾಕ್, ಉಂಬುಕ್ ಬಾ” ಎಂದು ಕರೆದೆ. ಅವಳು ತಿರುಗಿ ನೋಡಿ, ಟೀಚರು ತಿದ್ದುವ ಹಾಗೆ, “ಪಪ್ಪಾ, ಕಾಂಬುದು ಅಲ್ಲ, ನೋಡುವುದು. ಉಂಬುಕೆ ಅಲ್ಲ, ಊಟಕ್ಕೆ. ಟೀವಿಯಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ಆಪ್‌ಕೀ ಕನ್ನಡ ಕ್ಲಿಯರ್ ನಹೀ ಹೈ” ಎಂದಳು.

ಕ್ಲಿಯರ್ ಇಲ್ಲ. ನಾನೇ ಹಣ ಕೊಟ್ಟು ತಂದ ಕನ್ನಡಿಯಲ್ಲಿ ನನ್ನದೇ ಕಲೆ ಕಂಡಿತ್ತು. ಅವಳಿಗೆ ಮಾತಿನ ಮಾದರಿ ಸಿಕ್ಕಿದೆ, ಅದರ ಪಕ್ಕದಲ್ಲಿ ಅಪ್ಪನ ಮಾತು ರವೆ ಬಿದ್ದ ಕೇಬಲ್ಲು. ಅನ್ನ ಹಾಕಿದ ಕೈಗೆ ಯಾರಾದರೂ ಹೆಸರಿಟ್ಟರೆ ತಡೆದುಕೊಳ್ಳುವವನಲ್ಲ ನಾನು. ಆದರೆ ಇದು ಮಗಳು. ಹಟಕ್ಕೆ ಬಿದ್ದು ಅವಳ ಕನ್ನಡವನ್ನೇ ಕಲಿಯುತ್ತೇನೆಂದು ಹೊರಟೆ. ಹದಿನೈದು ದಿನ ನಮ್ಮ ಮನೆಯಲ್ಲಿ, “ಮಗಳೇ, ನಿನ್ನ ಊಟವಾಯಿತೆ? ಹಾಗಾದರೆ ದೀಪವನ್ನು ಆರಿಸುವೆಯಾ?” ಎಂಬ ಧಾಟಿಯ ಮಾತು ನಡೆಯಿತು. ಸುಜಾತ ಅಡುಗೆಮನೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. “ನಿಮ್ಗೆ ಜ್ವರ ಗಿರ ಬಂದಿತಾ ಕಾಂಬ,” ಎಂದು ಹಣೆ ಮುಟ್ಟಿದಳು. ಅಷ್ಟು ಶುದ್ಧವಾಗಿ ಮಾತಾಡಿದ ಆ ದಿನಗಳಲ್ಲಿ ಮಗಳಿಗೆ ಹೇಳಲು ನನಗೆ ಒಂದು ತಮಾಷೆಯೂ ನೆನಪಾಗಲಿಲ್ಲ, ನಿಜವಾದ ಒಂದು ಸಿಟ್ಟೂ ಬಾಯಿಗೆ ಬರಲಿಲ್ಲ. ಸಿಟ್ಟಿಗೂ ಪ್ರೀತಿಗೂ ನಾಲಿಗೆ ತನ್ನ ಹಳೇ ದಾರಿಯನ್ನೇ ಹುಡುಕುತ್ತದೆ.

ರಾಯರ ಹತ್ತಿರ ಹೇಳಿಕೊಂಡೆ. ಅವರು ಕಾಫಿ ಕೆಳಗಿಟ್ಟರು. “ಕಾಣ್ ಅನ್ನೋದು ಹಳಗನ್ನಡದ ಶಬ್ದರೀ ಶೆಟ್ರ. ಸಾವಿರ ವರ್ಷದ್ದು. ರಾಜರ ಆಸ್ಥಾನದಾಗ ಓಡಾಡಿದ್ದು. ಈಗ ನಿಮ್ಮ ಅಡಗೀಮನ್ಯಾಗ ಅದ. ನಾವು ಓದಿ ತಿಳ್ಕೊಂಡದ್ದನ್ನ ನೀವು ಹುಟ್ತಲೇ ತಂದೀರಿ.” ರಾಯರು ಉಪ್ಪಿಟ್ಟಿನ ಋಣಕ್ಕೆ ಹೀಗೆ ಹೇಳಿದರೋ ನಿಜವೋ, ನನ್ನ ಏಳನೇ ಕ್ಲಾಸಿನ ತಲೆಗೆ ಅಳೆಯಲು ಆಗುವುದಿಲ್ಲ. ಆದರೆ ಅಂದು ಸೇತುವೆ ದಾಟುವಾಗ ಎದೆ ಒಂದಂಗುಲ ಮುಂದಿತ್ತು. ಮನೆಗೆ ಬಂದು ನನ್ನ ಮಾತನ್ನೇ ಆಡತೊಡಗಿದೆ. ಮಗಳಿಗೆ ಸಾವಿರ ವರ್ಷದ ಕಥೆ ಹೇಳಲು ಹೋಗಲಿಲ್ಲ. ಒಳ್ಳೆಯ ಚಟ್ನಿಯ ಮೇಲೆ ಒಳ್ಳೆಯ ಚಟ್ನಿ ಎಂದು ಬರೆಯುವವನು ನಾನಲ್ಲ. ಅವಳು ತಿದ್ದುವುದನ್ನು ಬಿಡಲಿಲ್ಲ, ನಾನು ಆಡುವುದನ್ನು ಬಿಡಲಿಲ್ಲ.

ಹೀಗಿರುವಾಗ ಮೊನ್ನೆ ಉತ್ತರಾಯಣ ಬಂತು. ನಮಗದು ಎಳ್ಳುಬೆಲ್ಲದ ಸಂಕ್ರಾಂತಿ. ಇಲ್ಲಿ ಇಡೀ ಊರೇ ಮಹಡಿ ಹತ್ತಿ ಗಾಳಿಪಟ ಹಾರಿಸುವ ದಿನ. ಹೊಟೇಲಿಗೆ ಸಂಜೆಯವರೆಗೆ ಗಿರಾಕಿಯಿಲ್ಲ. ಮಧ್ಯಾಹ್ನ ಮನೆಗೆ ಬಂದರೆ ಕಿಂಜಲ್ ಅಳುಮುಖ ಮಾಡಿ ಕೂತಿದ್ದಳು. ಡಾನ್ಸ್ ಸ್ಪರ್ಧೆಯ ಕೊನೆಯ ಸುತ್ತು ಅಂದೇ, ಇನ್ನು ಅರ್ಧ ಗಂಟೆಗೆ. ಟೀವಿಯಲ್ಲಿ ನೀಲಿ ಪರದೆ. ಮಹಡಿಗೆ ಹೋಗಿ ನೋಡಿದೆ. ಯಾರದೋ ಗಾಳಿಪಟದ ದಾರ ಡಿಶ್ಶಿನ ಕೊಕ್ಕಿಗೆ ಸುತ್ತಿಕೊಂಡಿತ್ತು. ಅದನ್ನು ಎಳೆದ ಎಳೆತಕ್ಕೆ ಡಿಶ್ಶು ಆಕಾಶ ಬಿಟ್ಟು ಎದುರು ಕಟ್ಟಡದ ನೀರಿನ ಟಾಂಕಿಯನ್ನು ನೋಡುತ್ತಿತ್ತು.

ದಾರ ಬಿಡಿಸಿ ಡಿಶ್ಶನ್ನು ತಿರುಗಿಸತೊಡಗಿದೆ. ಸಿಗ್ನಲ್ ಬಂತೋ ಇಲ್ಲವೋ ಕೆಳಗೆ ಟೀವಿಯ ಮೇಲೆ ಮಾತ್ರ ಗೊತ್ತಾಗುವುದು. ಮೊಬೈಲು ಹೊಟೇಲಿನ ಕೌಂಟರಿನಲ್ಲೇ ಉಳಿದಿತ್ತು. ಹಾಗಾಗಿ ಕಿಂಜಲ್ ಹಾಲಿನಿಂದ ಬಾಲ್ಕನಿಗೆ ಓಡಿ ಬಂದು ಕೂಗಿ ಹೇಳುವುದೆಂದು ಮಾತಾಯಿತು. ಕೂಗಿದಳು. ಯಾರಿಗೆ ಕೇಳಬೇಕು? ಒಂದೊಂದು ಮಹಡಿಯಲ್ಲೂ ಒಂದೊಂದು ಲೌಡ್‌ಸ್ಪೀಕರು, ಪೀಪಿ, ಪಟ ತುಂಡಾದಾಗಲೆಲ್ಲ “ಕಾಪ್ಯೋ ಛೆ” ಎಂಬ ಬೊಬ್ಬೆ. ಅವಳು ಗಂಟಲು ಹರಿಯುವ ಹಾಗೆ “ಪಪ್ಪಾ” ಎಂದಳು. ನಮ್ಮ ಮಹಡಿಯಲ್ಲಿ ಇಬ್ಬರು, ಆಚೆ ಮಹಡಿಯಲ್ಲಿ ಮೂವರು, ಎದುರಿನದರಲ್ಲಿ ಒಂದಷ್ಟು ಜನ ಕಟ್ಟೆಯ ಮೇಲೆ ಬಗ್ಗಿ ಕೆಳಗೆ ನೋಡಿದರು. ಈ ಊರಿನಲ್ಲಿ ಎಲ್ಲ ಅಪ್ಪಂದಿರೂ ಪಪ್ಪಂದಿರೇ. “ನಥೀ ಆವ್ಯುಂ” ಎಂದು ಗುಜರಾತಿಯಲ್ಲಿ ಕೂಗಿದಳು, ಬಂದಿಲ್ಲ ಎಂದು. “ಏನು ಬಂದಿಲ್ಲ ಬೇಟಾ? ಉಂಧಿಯುನಾ, ಜಲೇಬಿಯಾ?” ಎಂದು ಎದುರು ಮಹಡಿಯ ಒಬ್ಬ ಪಪ್ಪ ವಿಚಾರಿಸಿದ. ಹಿಂದಿ ಪ್ರಯತ್ನಿಸಿದಳು. ಅದಕ್ಕೆ ಇನ್ನೂ ಹೆಚ್ಚು ಜನ ಸೇರಿದರು. ಅರ್ಧ ಗಂಟೆ ಕರಗುತ್ತಿತ್ತು. ನಾನು ಡಿಶ್ಶಿನ ಹಿಂದೆ ಕೂತು ಕುರುಡನ ಹಾಗೆ ತಿರುಗಿಸುತ್ತಿದ್ದೆ.

ಆಗ ಕೇಳಿತು.

“ಅಪ್ಪಯ್ಯಾ.”

ಕೈ ನಿಂತಿತು. ಅದು ನಾನು ನನ್ನ ಅಪ್ಪನನ್ನು ಫೋನಿನಲ್ಲಿ ಕರೆಯುವ ಶಬ್ದ. ನನ್ನನ್ನು ಹಾಗೆ ಯಾರೂ ಕರೆದದ್ದಿಲ್ಲ. ಲೌಡ್‌ಸ್ಪೀಕರಿನ ಹಾಡು, ಪೀಪಿ, ಬೊಬ್ಬೆ ಎಲ್ಲದರ ನಡುವಿನಿಂದ ಹೊಸ ಬ್ಲೇಡಿನ ಹಾಗೆ ಸೀಳಿಕೊಂಡು ಬಂತು. ಅಷ್ಟು ಮಹಡಿಗಳ ಅಷ್ಟು ಅಪ್ಪಂದಿರಲ್ಲಿ ಒಬ್ಬನೂ ತಿರುಗಲಿಲ್ಲ. ತಿರುಗಿದವನು ನಾನೊಬ್ಬನೇ.

“ಅಪ್ಪಯ್ಯಾ, ಬತ್ತಿಲ್ಲೆ. ಇನ್ನೂ ಸಲ್ಪ ಅತ್ಲಾಗೆ ತಿರ್ಗ್ಸಿ.”

ಅತ್ಲಾಗೆ ತಿರುಗಿಸಿದೆ.

“ಹೆಚ್ಚಾಯ್ತ್ ಅಪ್ಪಯ್ಯಾ. ಇತ್ಲಾಗೆ. ನಿಧಾನ.”

ಯಾವ ಧಾರಾವಾಹಿಯಲ್ಲೂ ಇಲ್ಲದ ಕನ್ನಡ. ಅವಳು ಕೇಳಿಸಿಕೊಳ್ಳುವುದಿಲ್ಲವೆಂದು ತಿಳಿದು ನಾವು ಗಂಡ ಹೆಂಡತಿ ಹನ್ನೆರಡು ವರ್ಷ ಮನೆಯಲ್ಲಿ ಚೆಲ್ಲಿದ್ದೆಲ್ಲ ಎಲ್ಲೋ ಒಂದು ಡಬ್ಬಿಯಲ್ಲಿ ಹಾಗೇ ಇತ್ತು. ಎದುರು ಮಹಡಿಯ ಪಪ್ಪ, “ಇದು ಯಾವ ಭಾಷೆ ಅಣ್ಣಾ, ಒಂದಕ್ಷರ ತಿಳಿಯುವುದಿಲ್ಲ,” ಎಂದ. ತಿಳಿಯದಿರುವುದೇ ಒಳ್ಳೆಯದು ಎಂದು ಮನಸ್ಸಿನಲ್ಲೇ ಹೇಳಿಕೊಂಡೆ.

“ಬಂತ್ ಬಂತ್, ಸಮಾ ಬಂತ್ ಅಪ್ಪಯ್ಯಾ. ಇನ್ನ್ ಮುಟ್ಬೇಡಿ.”

ಡಾನ್ಸ್ ಶುರುವಾಗಲು ಇನ್ನೂ ಐದು ನಿಮಿಷ ಇದೆಯೆಂದು ಕೈಗಡಿಯಾರ ನೋಡಿಕೊಂಡೆ. ನಟ್ಟು ಬಿಗಿ ಮಾಡುವ ಮೊದಲು, ಯಾರಿಗೂ ಕಾಣದ ಹಾಗೆ, ಡಿಶ್ಶನ್ನು ಒಂದು ಬೆರಳಿನಷ್ಟು ಆಚೆಗೆ ಸರಿಸಿ, ಕಟ್ಟೆಯ ಮೇಲೆ ಬಗ್ಗಿ, ಏನೂ ತಿಳಿಯದವನ ಹಾಗೆ ಕೇಳಿದೆ, “ಈಗ ಹ್ಯಾಂಗಿತ್ತ್ ಮಗಾ?”

“ಅಪ್ಪಯ್ಯಾ, ಹೋಯ್ತ್.”